ಕತ್ತಲಲ್ಲಿ ಹೆಜ್ಜೆ ತಪ್ಪುತ್ತಿದೆಯೇ? ಕಾರಣ ಸಕ್ಕರೆ ಕಾಯಿಲೆ ಒಂದೇ ಅಲ್ಲ

ಐಸಿಎಂಆರ್ ಅಧ್ಯಯನವೊಂದು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ. ಇವರಲ್ಲಿ ಬಹಳಷ್ಟು ಜನ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ವರ್ಷಗಟ್ಟಲೆ ಸೇವಿಸಿದರೆ ಇದು ಬಿ12 ವಿಟಮಿನ್ ಅನ್ನು ತಗ್ಗಿಸಬಹುದು. ಸಸ್ಯಾಹಾರಿಗಳಿಗೆ ಅಪಾಯ ಇನ್ನೂ ಹೆಚ್ಚು.

ಕಾಲು ಎಲ್ಲಿದೆ, ಹೇಗಿದೆ ಎಂಬ ಸುದ್ದಿ ಸ್ನಾಯು, ಕೀಲುಗಳಿಂದ ಹೊರಟು ಬೆನ್ನುಹುರಿಯ ಹಿಂಭಾಗದ ನರತಂತುಗಳ ಮೂಲಕ ಮಿದುಳು ಸೇರುತ್ತದೆ. ಬಿ12 ತೀರಾ ಕಡಿಮೆಯಾದರೆ ಈ ತಂತುಗಳ ಹೊದಿಕೆ ಹಾಳಾಗಬಹುದು. ಹಗಲಲ್ಲಿ ಕಣ್ಣು ಆಸರೆಯಾಗುತ್ತದೆ. ಕತ್ತಲಲ್ಲಿ, ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಮೈ ತೂಗಾಡುತ್ತದೆ.

ಪಾದದ ಜೋಮು ಸಕ್ಕರೆ ಕಾಯಿಲೆಯಿಂದಲೂ ಬರುವುದರಿಂದ ಬಿ12 ಕೊರತೆ ಗಮನಕ್ಕೆ ಬಾರದೆ ಉಳಿಯಬಹುದು. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಬಿ12 ರಕ್ತಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಚಿಕಿತ್ಸೆ ತಡವಾದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದೇ ಇರಬಹುದು.