ಊರು ಬದಲಿಸುವ ಮುನ್ನ

ಮಕ್ಕಳ ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಆರಂಭವಾಗುತ್ತಿದ್ದಂತೆ ನಮ್ಮ ಬಳಿಗೆ ಬರುವ ಕುಟುಂಬಗಳಲ್ಲಿ ಒಂದೆರಡಾದರೂ ಒಂದೇ ಪ್ರಶ್ನೆಯನ್ನು ಹೊತ್ತು ತರುತ್ತವೆ. ಮೈಸೂರಿನ ಬಾಡಿಗೆಮನೆಯನ್ನು ಬಿಟ್ಟು ಹತ್ತಿರದ ಸಣ್ಣ ಊರೊಂದರಲ್ಲಿ ನೆಲೆಸಬಹುದೇ? ಶ್ರೀರಂಗಪಟ್ಟಣ, ನಂಜನಗೂಡು, ಬನ್ನೂರು, ಹುಣಸೂರು ಎಂದು ಊರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಕಳೆದ ಬೇಸಿಗೆಯಲ್ಲಿ ಬಂದ ಕುಟುಂಬವು ನಂಜನಗೂಡನ್ನು ಮನಸ್ಸಿನಲ್ಲಿಟ್ಟುಕೊಂಡಿತ್ತು. ಪತಿ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಉದ್ಯೋಗಿ. ಪತ್ನಿ ನಗರದ ಶಾಲೆಯೊಂದರಲ್ಲಿ ಅಧ್ಯಾಪಕಿ. ಎಂಟನೆಯ ತರಗತಿ ಮುಗಿಸಿದ ಮಗಳು. ಎಪ್ಪತ್ತು ದಾಟಿದ ತಾಯಿ. "ಫಾದರ್, ಇಲ್ಲಿ ಬಾಡಿಗೆಗೆ ಕೊಡುವ ಹಣ ಅಲ್ಲಿ ಸಾಲದ ಕಂತಿಗೆ ಸಾಕಾಗುತ್ತದೆ. ಊರು ವಾಸಕ್ಕೆ ಒಳ್ಳೆಯದೇ, ನೀವೇ ಹೇಳಿ" ಎಂದು ಆ ಪತಿ ಕೇಳಿದರು.

ಅವರ ಲೆಕ್ಕ ತಪ್ಪಾಗಿರಲಿಲ್ಲ. ನಂಜನಗೂಡು ಮೈಸೂರಿನಿಂದ ಸುಮಾರು 23 ಕಿಲೋಮೀಟರ್. 1891ರಲ್ಲಿಯೇ ಅಲ್ಲಿಗೆ ರೈಲು ಬಂದಿತ್ತು. 2008ರಲ್ಲಿ ಮಾರ್ಗವು ಬ್ರಾಡ್‌ಗೇಜ್ ಆಯಿತು. ಬಸ್ಸುಗಳಿಗೂ ಕೊರತೆಯಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹೊರೆಯೂ ತಪ್ಪಿತು. ತಾಲ್ಲೂಕು ಕೇಂದ್ರವಾದುದರಿಂದ ಶಾಲೆ, ಕಾಲೇಜು, ಆಸ್ಪತ್ರೆ ಎಲ್ಲವೂ ಇವೆ. ಕಪಿಲೆ ಹರಿಯುವ ಊರು. ಆ ಕಪಿಲೆಯೇ 2018 ಮತ್ತು 2019ರ ಮಳೆಗಾಲದಲ್ಲಿ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆ ಹರಿದು ಸಂಚಾರವನ್ನು ತಡೆದದ್ದೂ ನಿಜ. ಆದರೆ ಅಂತಹ ದಿನಗಳು ಬಂದರೂ ಕೆಲವೇ.

ನಮ್ಮನ್ನು ಚಿಂತೆಗೆ ಹಚ್ಚಿದ್ದು ಉಳಿದ ದಿನಗಳು. ನಂಜನಗೂಡಿನ ರಸ್ತೆ ದಕ್ಷಿಣದಿಂದ ಮೈಸೂರನ್ನು ಸೇರುತ್ತದೆ; ಹೆಬ್ಬಾಳವಿರುವುದು ನಗರದ ವಾಯವ್ಯ ಅಂಚಿನಲ್ಲಿ. ಆದುದರಿಂದ 23 ಕಿಲೋಮೀಟರ್ ಮುಗಿದ ಮೇಲೂ ನಗರವನ್ನೇ ದಾಟಬೇಕು. ಮನೆಯ ಬಾಗಿಲಿನಿಂದ ಕಾರ್ಖಾನೆಯ ಬಾಗಿಲಿಗೆ ಒಂದೂಕಾಲು ಗಂಟೆ ಬೇಕೆಂದು ಅವರೇ ಒಪ್ಪಿಕೊಂಡರು. ಹೋಗಿ ಬರಲು ದಿನಕ್ಕೆ ಎರಡೂವರೆ ಗಂಟೆ. ವಾರದ ಆರು ದಿನಕ್ಕೆ 15 ಗಂಟೆ. ವರ್ಷದ 50 ವಾರಗಳಿಗೆ 750 ಗಂಟೆ. ಹಗಲು ರಾತ್ರಿ ಸೇರಿಸಿ ಎಣಿಸಿದರೆ 31 ದಿನಗಳು. ಬಾಡಿಗೆ ಉಳಿಸಲು ವರ್ಷಕ್ಕೆ ಒಂದು ತಿಂಗಳನ್ನು ರಸ್ತೆಗೆ ತೆರಬೇಕು.

ಹಲವು ವರ್ಷಗಳ ಹಿಂದೆ ಇಂತಹುದೇ ಪ್ರಶ್ನೆಗೆ ನಾವು ಅವಸರದಿಂದ "ಹೋಗಿರಿ" ಎಂದು ಉತ್ತರಿಸಿದ್ದೆವು. ಊರು ಬೇರೆ, ಕುಟುಂಬ ಬೇರೆ. ಸ್ವಂತ ಮನೆ, ಹಿತ್ತಿಲಿನಲ್ಲಿ ನುಗ್ಗೆಮರ, ಒಳ್ಳೆಯ ಗಾಳಿ. ಮಗ ಸೊಸೆ ಇಬ್ಬರೂ ಬೆಳಗ್ಗೆ ಆರೂವರೆಗೆ ಹೊರಟು ಕತ್ತಲಾದ ಮೇಲೆ ಮರಳುತ್ತಿದ್ದರು. ಭಾನುವಾರದ ಬಲಿಪೂಜೆಗೂ ಹಳೆಯ ಬಳಕೆಯಿಂದ ಮೈಸೂರಿಗೇ ಬರುತ್ತಿದ್ದರು. ಮೂರು ವರ್ಷ ಕಳೆದರೂ ಆ ಬೀದಿಯವರ ಪಾಲಿಗೆ ಅವರು "ಮೈಸೂರಿನವರು". ಒಂದು ಮಧ್ಯಾಹ್ನ ಮನೆಯಲ್ಲಿ ಒಬ್ಬರೇ ಇದ್ದ ವೃದ್ಧ ತಂದೆ ಜಗುಲಿಯ ಮೇಲೆ ಕುಸಿದರು. ಎದುರುಮನೆಯವರು ಓಡಿಬಂದು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಆದರೆ ಯಾರಿಗೆ ತಿಳಿಸುವುದು? ಮಗನ ಫೋನ್ ನಂಬರ್ ಆ ಬೀದಿಯಲ್ಲಿ ಯಾರ ಬಳಿಯೂ ಇರಲಿಲ್ಲ. ರಾತ್ರಿ ಎಂಟಕ್ಕೆ ಆತ ಎಂದಿನಂತೆ ಬಸ್ಸಿಳಿದು ಬರುವ ಹೊತ್ತಿಗೆ ತಂದೆ ತೀರಿಕೊಂಡಿದ್ದರು.

ನೆರೆಯವರು ತಮ್ಮ ಕರ್ತವ್ಯವನ್ನು ಮಾಡಿದ್ದರು. ಅರೆಕೊರೆಯಾದದ್ದು ನಮ್ಮ ಸಲಹೆ. ಬಾಡಿಗೆಯನ್ನೂ ಗಾಳಿಯನ್ನೂ ಕುರಿತು ವಿಚಾರಿಸಿದ ನಾವು, ಹಗಲಿನಲ್ಲಿ ಆ ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳಿರಲಿಲ್ಲ.

ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ಸೈಪ್ರಸ್ಸಿನ ಅರಸನಿಗಾಗಿ ಬರೆದ ರಾಜನೀತಿಯ ಗ್ರಂಥದಲ್ಲಿ, ನಗರ ಕಟ್ಟಲು ಎಂತಹ ಸ್ಥಳ ಯೋಗ್ಯ ಎಂಬುದನ್ನೂ ಚರ್ಚಿಸಿದ್ದಾರೆ. ಗಾಳಿ ಆರೋಗ್ಯಕರವಾಗಿರಬೇಕು, ಸುತ್ತಲಿನ ನೆಲವೇ ಅನ್ನ ಕೊಡುವಂತಿರಬೇಕು, ನೋಟಕ್ಕೆ ಹಿತವಾಗಿರಬೇಕು, ಆದರೆ ಜನರನ್ನು ಭೋಗಕ್ಕೆ ಎಳೆಯುವಷ್ಟು ಅತಿಯಾಗಬಾರದು. ಈ ಮೂರರಲ್ಲೂ ನಮ್ಮ ಸೀಮೆಯ ಸಣ್ಣ ಊರುಗಳು ತೇರ್ಗಡೆಯಾಗುತ್ತವೆ. ಆದರೆ ಅದೇ ಗ್ರಂಥದ ಆರಂಭದಲ್ಲಿ ಅವರು ಇನ್ನೊಂದು ಮಾತನ್ನು ಇಟ್ಟಿದ್ದಾರೆ. ಮನುಷ್ಯ ಸ್ವಭಾವತಃ ಸಂಘಜೀವಿ; ಒಬ್ಬಂಟಿಯಾಗಿ ತನ್ನ ಬದುಕನ್ನು ತಾನೇ ನೀಗಿಸಿಕೊಳ್ಳಲಾರ. ಸ್ಥಳ ಒಳ್ಳೆಯದಿದ್ದರೆ ಸಾಲದು. ನಾವು ಆ ಸ್ಥಳದವರಾಗಬೇಕು. ಬರಿಯ ನಿದ್ದೆಗಾಗಿ ಮರಳುವವನು ಯಾವ ಊರಿನವನೂ ಆಗುವುದಿಲ್ಲ.

ಊರಿನವರಾಗುವುದು ಹೇಗೆ ಎಂಬುದಕ್ಕೆ ನಮ್ಮ ನೆರೆಯಲ್ಲಿಯೇ ಹಳೆಯ ನಿದರ್ಶನವಿದೆ. 1799ರಲ್ಲಿ ಶ್ರೀರಂಗಪಟ್ಟಣದ ಪತನವಾಗಿ ರಾಜಧಾನಿ ಮೈಸೂರಿಗೆ ಬಂದ ಮೇಲೆ, ಅಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಫ್ರೆಂಚ್ ಗುರು ಅಬ್ಬೆ ದುಬ್ವಾ ಬಂದರು. ಬಡವರಿಗಾಗಿ ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು. ಸಿಡುಬಿಗೆ ಲಸಿಕೆ ಹಾಕಿಸಲು ಶ್ರಮಿಸಿದರು. 1823ರಲ್ಲಿ ಸ್ವದೇಶಕ್ಕೆ ಮರಳಿದರೂ ಈ ಸೀಮೆ ಅವರನ್ನು ಮರೆತಿಲ್ಲ. ನೆರೆಹೊರೆಯ ಕಾಯಿಲೆ ಕಸಾಲೆಯನ್ನು ಅವರು ತಮ್ಮದೆಂದು ಬಗೆದಿದ್ದರು.

ಆದುದರಿಂದ ನಮ್ಮ ಕುಟುಂಬಗಳಿಗೆ ನಾವು ಹೇಳುವುದಿಷ್ಟು. ನಿವೇಶನದ ಕಾಗದಪತ್ರ, ನೀರಿನ ಸೌಕರ್ಯಗಳನ್ನು ನೋಡುವಷ್ಟೇ ಎಚ್ಚರದಿಂದ ಇವನ್ನೂ ನೋಡಿರಿ. ದುಡಿಯುವವರಲ್ಲಿ ಒಬ್ಬರಿಗಾದರೂ ಆ ಊರಿನಲ್ಲೇ ಕೆಲಸ ಸಿಕ್ಕೀತೇ? ಎರಡು ವರ್ಷಗಳ ಬಳಿಕ ಮಕ್ಕಳು ಕಾಲೇಜಿಗೆಂದು ಅದೇ ಬಸ್ಸನ್ನು ಹತ್ತಬೇಕಾದೀತೇ? ಹಗಲೆಲ್ಲ ಅಲ್ಲಿರಬೇಕಾದ ಹಿರಿಯರನ್ನು ಕೇಳಿದ್ದೀರಾ? ಭಾನುವಾರ ಅಲ್ಲಿನ ದೇವಾಲಯಕ್ಕೇ ಹೋಗಲು, ಮತದಾರರ ಪಟ್ಟಿಯ ಹೆಸರನ್ನು ಅಲ್ಲಿಗೇ ವರ್ಗಾಯಿಸಲು ಮನಸ್ಸಿದೆಯೇ? ಇವಕ್ಕೆಲ್ಲ ಇಲ್ಲವೆಂಬ ಉತ್ತರ ಬಂದರೆ, ಮೈಸೂರಿನ ಬಾಡಿಗೆಮನೆಯೇ ಲೇಸು.

ಬಾಡಿಗೆ ತೆರಲಾಗದೆ ಹೊರಡುವವರಿಗೆ ಇಂತಹ ಆಯ್ಕೆ ಎಲ್ಲಿದೆ ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ಅಲ್ಲಿ ಹೊಣೆ ನಮ್ಮೆಲ್ಲರದು. ಹೊರಡುವ ಕುಟುಂಬದ ವಿಷಯವನ್ನು ಇಲ್ಲಿನ ಗುರುಗಳು ಅಲ್ಲಿನ ಗುರುಗಳಿಗೆ ತಿಳಿಸಬೇಕು. ಅಲ್ಲಿನ ಧರ್ಮಕೇಂದ್ರದ ಒಂದು ಮನೆಯವರಾದರೂ ಮೊದಲ ವಾರದಲ್ಲೇ ಅವರ ಬಾಗಿಲು ತಟ್ಟಬೇಕು.

ನಮ್ಮ ಬಳಿಗೆ ಬಂದಿದ್ದ ಕುಟುಂಬ ಮನೆ ಕೊಳ್ಳಲಿಲ್ಲ. ಪತ್ನಿಗೆ ನಂಜನಗೂಡಿನ ಶಾಲೆಯೊಂದರಲ್ಲಿ ಕೆಲಸ ದೊರೆತ ಮೇಲೆ, ಒಂದು ವರ್ಷ ಬಾಡಿಗೆಗೆ ಇದ್ದು ನೋಡೋಣವೆಂದು ಹೋಗಿದ್ದಾರೆ. ದೇವಾಲಯಕ್ಕೆ ನಡೆದೇ ಹೋಗುವಂತಿರಬೇಕು ಎಂಬುದೊಂದೇ ಅಜ್ಜಿಯ ಷರತ್ತು. ಹೋದ ವಾರದಲ್ಲೇ ಅಕ್ಕಪಕ್ಕದ ನಾಲ್ಕು ಮನೆಗಳಿಗೆ ಫೋನ್ ನಂಬರ್ ಬರೆದುಕೊಟ್ಟಿದ್ದಾರೆ. ಮನೆ ಕೊಳ್ಳುವ ಮಾತು ಮುಂದಿನ ಬೇಸಿಗೆಗೆ.