ಮರುಸುತ್ತಿನ ಮರ್ಯಾದೆ

ತಮ್ಮ ಕಸುಬನ್ನು ಕುರಿತ ಚಿತ್ರವನ್ನು ನೋಡಿ ಮೆಚ್ಚಿದವರು ವಿರಳ. ಶಸ್ತ್ರಚಿಕಿತ್ಸೆಯ ದೃಶ್ಯ ಬಂದರೆ ವೈದ್ಯರು ನಗುತ್ತಾರೆ. ನ್ಯಾಯಾಲಯದ ದೃಶ್ಯ ಬಂದರೆ ವಕೀಲರು ತಲೆ ಚಚ್ಚಿಕೊಳ್ಳುತ್ತಾರೆ. ಕೊಡೆ ಹಿಡಿದ ಮೇಷ್ಟರೊಬ್ಬರು ತೆರೆಯ ಮೇಲೆ ಬಂದರೆ ನಮ್ಮಂಥವರು ಮುಖ ತಿರುಗಿಸುತ್ತೇವೆ. ಆದ್ದರಿಂದ, ಜಗತ್ತಿನ ದೊಡ್ಡ ವಿಮಾನ ನಿಲ್ದಾಣಗಳ ದಿನಚರಿಯನ್ನು ತೋರಿಸುವ ಟೆಲಿವಿಷನ್ ಕಾರ್ಯಕ್ರಮಗಳನ್ನು ಕಂಡು ಪೈಲಟರೂ ವಿಮಾನ ಸಂಚಾರ ನಿಯಂತ್ರಕರೂ ಗೊಣಗಿದಾಗ, ‘ಇದೂ ಆ ಜಾತಿಯದೇ, ಮನರಂಜನೆಯನ್ನು ಮನರಂಜನೆಯಾಗಿ ನೋಡಲು ಬಾರದವರ ಕೊಂಕು’ ಎಂದು ತಳ್ಳಿಹಾಕುವುದು ಸುಲಭ. ನಾನು ಹೇಳಹೊರಟಿರುವುದು ಇದಕ್ಕೆ ವಿರುದ್ಧವಾದ ಮಾತು. ಆ ಗೊಣಗಾಟದಲ್ಲಿ ಮುಕ್ಕಾಲು ಪಾಲು ಕೊಂಕೇ ಇರಬಹುದು, ಇರಲಿ. ಉಳಿದ ಕಾಲು ಪಾಲು ಮಾತ್ರ ನಮ್ಮ ನಿಮ್ಮ ಪ್ರಾಣಕ್ಕೆ ಸಂಬಂಧಪಟ್ಟದ್ದು.

ಈ ಬಗೆಯ ಕಾರ್ಯಕ್ರಮಗಳನ್ನು ಮನೆಮಾತಾಗಿಸಿದವರು ಬ್ರಿಟಿಷರು. 1996ರಲ್ಲಿ ಬಿ.ಬಿ.ಸಿ. ಸಂಸ್ಥೆ ಲಂಡನ್ನಿನ ಹೀಥ್ರೂ ನಿಲ್ದಾಣದೊಳಕ್ಕೆ ಕ್ಯಾಮೆರಾ ಒಯ್ದು ‘ಏರ್‌ಪೋರ್ಟ್’ ಎಂಬ ಮಾಲಿಕೆಯನ್ನು ಆರಂಭಿಸಿತು. ಅದು ಅನೇಕ ವರ್ಷ ನಡೆಯಿತು. ರಷ್ಯದ ಏರೋಫ್ಲೋಟ್ ಸಂಸ್ಥೆಯ ಪರವಾಗಿ ಅಲ್ಲಿ ದುಡಿಯುತ್ತಿದ್ದ ಜೆರೆಮಿ ಸ್ಪೇಕ್ ಎಂಬ ನೌಕರ ಅದರಿಂದಲೇ ನಾಡಿಗೆಲ್ಲ ಪರಿಚಿತನಾಗಿ, ಮುಂದೆ ತಾನೇ ಟೆಲಿವಿಷನ್ ನಿರೂಪಕನಾದ. 2013ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನವರು ‘ಅಲ್ಟಿಮೇಟ್ ಏರ್‌ಪೋರ್ಟ್ ದುಬೈ’ ತಂದರು. 2015ರಲ್ಲಿ ಐ.ಟಿ.ವಿ. ಮತ್ತೆ ಹೀಥ್ರೂವಿಗೇ ಹೋಗಿ ‘ಬ್ರಿಟನ್ನಿನ ಅತ್ಯಂತ ಗಡಿಬಿಡಿಯ ನಿಲ್ದಾಣ’ ಎಂಬರ್ಥದ ಹೆಸರಿನ ಮಾಲಿಕೆಯನ್ನು ಹೊರಡಿಸಿತು. ಇವುಗಳಿಂದ ಒಳ್ಳೆಯದೇ ಆಗಿಲ್ಲವೆಂದು ನಾನು ಹೇಳಲಾರೆ. ಟಿಕೆಟ್ಟಿನ ಕಟ್ಟೆಯ ಹಿಂದೆ ನಿಂತು ಬೈಗುಳ ತಿನ್ನುವವರೂ, ಪೆಟ್ಟಿಗೆಗಳನ್ನು ಹೊರುವವರೂ, ಮಂಜು ಕವಿದ ಬೆಳಗಿನಲ್ಲಿ ಉತ್ತರ ಕೊಡಲಾರದೆ ಉತ್ತರ ಕೊಡುವವರೂ ನಮ್ಮ ನಿಮ್ಮಂಥ ಮನುಷ್ಯರೇ ಎಂಬುದನ್ನು ಇವು ತೋರಿಸಿಕೊಟ್ಟವು. ಅದಕ್ಕಾಗಿ ಕೃತಜ್ಞತೆ ಸಲ್ಲಬೇಕು.

ಇನ್ನು ವಿಮಾನದವರ ದೂರುಗಳು. ಅವುಗಳಲ್ಲಿ ಕೆಲವು ನಗು ಬರಿಸುವಂಥವು. ತೆರೆಯ ಮೇಲೆ ಬೋಯಿಂಗ್ ಆಗಿ ಹೊರಟ ವಿಮಾನ ಏರ್‌ಬಸ್ ಆಗಿ ಇಳಿಯುತ್ತದೆ. ಸಂಕಲನಕಾರನಿಗೆ ಎರಡೂ ಬಿಳಿಯ ಹಕ್ಕಿಗಳೇ. ಇಂಥ ತಪ್ಪಿನಿಂದ ಯಾರ ಗಂಟೂ ಹೋಗುವುದಿಲ್ಲ. ಮತ್ತೆ ಕೆಲವು ಇದಕ್ಕಿಂತ ಸ್ವಲ್ಪ ಗಂಭೀರವಾದವು. ಹೀಥ್ರೂವಿನ 87 ಮೀಟರ್ ಎತ್ತರದ ಗೋಪುರವನ್ನು ತೋರಿಸಿ, ಆಕಾಶದ ವಿಮಾನಗಳೆಲ್ಲವೂ ಅಲ್ಲಿ ಕುಳಿತವರ ಬೆರಳ ತುದಿಯಲ್ಲಿವೆ ಎಂಬಂತೆ ನಿರೂಪಿಸುವುದುಂಟು. ನಿಜದಲ್ಲಿ, ಲಂಡನ್ನಿನ ಸುತ್ತಲ ವಿಮಾನಗಳನ್ನು ಸಾಲುಗೂಡಿಸಿ ನಿಲ್ದಾಣದತ್ತ ತರುವ ನಿಯಂತ್ರಕರು ಕುಳಿತಿರುವುದು ಎಷ್ಟೋ ಮೈಲಿ ದೂರದ ಹ್ಯಾಂಪ್‌ಶೈರಿನ ಸ್ವಾನಿಕ್ ಎಂಬಲ್ಲಿ, ರಾಡಾರ್ ಪರದೆಗಳ ಮುಂದೆ. ಇಳಿಯಲು ಸರದಿ ಕಾಯುತ್ತ ಸುತ್ತು ಹಾಕುವ ವಿಮಾನವನ್ನು ತೋರಿಸಿ ‘ಇಂಧನ ಕರಗುತ್ತಿದೆ’ ಎಂದು ದನಿ ತಗ್ಗಿಸುವುದೂ ಹೀಗೆಯೇ. ಪ್ರಯಾಣಕ್ಕೆ ಬೇಕಾದಷ್ಟು, ಅನಿರೀಕ್ಷಿತಕ್ಕೆಂದು ಒಂದಿಷ್ಟು, ಬೇರೊಂದು ನಿಲ್ದಾಣಕ್ಕೆ ಹೋಗಬೇಕಾಗಿ ಬಂದರೆ ಅದಕ್ಕೆಂದು ಮತ್ತೊಂದಿಷ್ಟು, ಇವೆಲ್ಲ ಮುಗಿದ ಮೇಲೂ ಮೂವತ್ತು ನಿಮಿಷ ಹಾರುವಷ್ಟು ಮುಟ್ಟಬಾರದ ಗಂಟು. ಇದು ಜೆಟ್ ವಿಮಾನದ ಇಂಧನದ ಲೆಕ್ಕ. ಸರದಿ ಕಾಯುವುದು ಹೀಥ್ರೂವಿನಲ್ಲಿ ನಿತ್ಯದ ಕೆಲಸ. ಅದಕ್ಕೆಂದೇ ಲಂಡನ್ನಿನ ಸುತ್ತ ನಾಲ್ಕು ಜಾಗಗಳಿವೆ, ಒಂದು ವಿಮಾನದ ಮೇಲೆ ಸಾವಿರ ಅಡಿ ಬಿಟ್ಟು ಇನ್ನೊಂದು ಸುತ್ತುತ್ತದೆ.

ಇವನ್ನೂ ಕ್ಷಮಿಸೋಣ. ಕ್ಷಮಿಸಲಾಗದ್ದು ಒಂದಿದೆ. ಇಳಿಯಲೆಂದು ನೆಲದ ಸಮೀಪಕ್ಕೆ ಬಂದ ವಿಮಾನ ಇಳಿಯದೆ ಮತ್ತೆ ಮೇಲೇರುವುದನ್ನು ಇಂಗ್ಲಿಷಿನವರು ‘ಗೋ ಅರೌಂಡ್’ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಬಳಕೆಯ ಮಾತಿಲ್ಲವಾದ್ದರಿಂದ ‘ಮರುಸುತ್ತು’ ಎಂದು ಕರೆಯುತ್ತೇನೆ. ಈ ಮರುಸುತ್ತನ್ನು ಕಾರ್ಯಕ್ರಮಗಳು ತೋರಿಸುವ ಬಗೆ ಎಲ್ಲರಿಗೂ ಪರಿಚಿತ. ಮೊದಲು ಸಂಗೀತ ಬಿಗಿಯಾಗುತ್ತದೆ. ರೆಕ್ಕೆಗಳು ಓಲಾಡುವ ಚಿತ್ರ ನಿಧಾನವಾಗುತ್ತದೆ. ಎಂಜಿನ್ನು ಗರ್ಜಿಸುತ್ತದೆ. ‘ಕೊನೆಯ ಕ್ಷಣದಲ್ಲಿ...’ ಎನ್ನುತ್ತಾನೆ ನಿರೂಪಕ; ಅಲ್ಲಿಗೆ ಜಾಹೀರಾತು. ಸಾಬೂನು ಮಾರಿದ ಮೇಲೆ ಅದೇ ದೃಶ್ಯ ಮತ್ತೊಮ್ಮೆ. ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಒಂದೇ: ವಿಮಾನ ಇಳಿಯಲಾರದೆ ಸೋತಿತು, ದೇವರ ದಯೆಯಿಂದ ಎಲ್ಲರೂ ಬದುಕಿದರು.

ವಸ್ತುಸ್ಥಿತಿ ಏನು? ಇಳಿಯುವ ವಿಮಾನ ನೆಲದಿಂದ ಒಂದು ನಿರ್ದಿಷ್ಟ ಎತ್ತರಕ್ಕೆ, ಸಾಮಾನ್ಯವಾಗಿ ಸಾವಿರ ಅಡಿಗೆ, ಬರುವ ಹೊತ್ತಿಗೆ ಅದರ ವೇಗ, ಇಳಿಜಾರು, ದಿಕ್ಕು, ಗಾಲಿ, ರೆಕ್ಕೆಯ ಪಟ್ಟಿಗಳು ಎಲ್ಲವೂ ಹದಕ್ಕೆ ಬಂದಿರಬೇಕು. ಬಂದಿಲ್ಲವೋ, ಮರುಸುತ್ತು. ಗಾಳಿ ತಿರುಗಿತೋ, ಮರುಸುತ್ತು. ಮುಂದೆ ಇಳಿದ ವಿಮಾನ ರನ್‌ವೇ ಬಿಡುವುದು ಕೆಲವು ಸೆಕೆಂಡು ತಡವಾಯಿತೋ, ಆಗಲೂ ಮರುಸುತ್ತು. ಹೀಥ್ರೂವಿಗೆ ಇರುವುದು ಎರಡೇ ರನ್‌ವೇ. ವರ್ಷಕ್ಕೆ 4,80,000ಕ್ಕಿಂತ ಹೆಚ್ಚು ಸಲ ವಿಮಾನ ಏರಿಳಿಯುವಂತಿಲ್ಲ ಎಂಬ ಕಟ್ಟಳೆಯುಂಟು. ಆ ಮಿತಿಯ ಅಂಚಿನಲ್ಲೇ ಅದು ನಡೆಯುತ್ತಿದೆ. 2024ರಲ್ಲಿ ಅಲ್ಲಿ ಹಾದುಹೋದ ಪ್ರಯಾಣಿಕರು 8 ಕೋಟಿ 39 ಲಕ್ಷ. ಅಷ್ಟು ಒತ್ತೊತ್ತಾಗಿ ವಿಮಾನ ಇಳಿಸುವಲ್ಲಿ ಆಗೊಮ್ಮೆ ಈಗೊಮ್ಮೆ ಮರುಸುತ್ತು ಬರದಿದ್ದರೇ ಆಶ್ಚರ್ಯ. ಪೈಲಟರು ತರಬೇತಿಯಲ್ಲಿ ಅದನ್ನು ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾರೆ. ಅದು ಸೋಲಲ್ಲ, ‘ಇನ್ನೊಮ್ಮೆ ಸರಿಯಾಗಿ ಮಾಡುತ್ತೇನೆ’ ಎಂಬ ವಿವೇಕ. ಇದನ್ನು ಬಲ್ಲವರು ಆ ಸಂಗೀತವನ್ನು ಕೇಳಿ ಗೊಣಗದೆ ಇನ್ನೇನು ಮಾಡಬೇಕು?

‘ಲಂಡನ್ನಿನ ಕಾರ್ಯಕ್ರಮ, ಲಂಡನ್ನಿನ ಪೈಲಟರು, ನಮಗೇನು?’ ಎಂದು ಓದುಗರು ಕೇಳಬಹುದು. ನಮಗೆ ಏನೆಂಬುದು ಮಂಗಳೂರಿಗೆ ಗೊತ್ತು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ಗುಡ್ಡದ ಮೇಲಿನ ರನ್‌ವೇಗೆ ಇಳಿಯಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದರು. ವಿಮಾನದ ಎಚ್ಚರಿಕೆಯ ಯಂತ್ರವೂ ಕೂಗಿತು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಗಾಲಿ ನೆಲ ಮುಟ್ಟಿತು. ಉಳಿದ ಜಾಗ ಸಾಲಲಿಲ್ಲ. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಕ್ಯಾಪ್ಟನ್ ಹಾರಾಟದ ಬಹುಭಾಗ ನಿದ್ದೆ ಮಾಡಿದ್ದರೆಂದೂ, ಮಂಗಳೂರಿನ ರಾಡಾರ್ ಆಗ ಕೆಲಸ ಮಾಡುತ್ತಿರಲಿಲ್ಲವೆಂದೂ ವಿಚಾರಣೆಯಲ್ಲಿ ತಿಳಿದುಬಂತು. ಆದರೆ ವಿಚಾರಣಾ ಮಂಡಲಿ ನೇರವಾದ ಕಾರಣವೆಂದು ಎತ್ತಿ ಹೇಳಿದ್ದು ಒಂದನ್ನೇ: ಮೂರು ಸಲ ಹೇಳಿದರೂ ಮರುಸುತ್ತು ಹಾಕದೆ ಹೋದದ್ದು.

ಒಂದು ಸಲ ಆದದ್ದು ಪಾಠವಾಯಿತೆಂದರೆ ಅದೂ ಇಲ್ಲ. 2020ರ ಆಗಸ್ಟ್ 7ರಂದು, ದುಬೈಯಿಂದಲೇ ಬಂದ ಅದೇ ಸಂಸ್ಥೆಯ ವಿಮಾನ ಕೋಳಿಕ್ಕೋಡಿನಲ್ಲಿ ಮಳೆಯ ನಡುವೆ ಇಳಿದು, ರನ್‌ವೇ ದಾಟಿ ಕೆಳಕ್ಕೆ ಬಿತ್ತು. ಸತ್ತವರು 21. ಅಲ್ಲಿಯೂ ಸಹ ಪೈಲಟ್ ಮರುಸುತ್ತಿಗೆ ಹೇಳಿದ್ದರು. ಅಲ್ಲಿಯೂ ಆ ಮಾತು ನಡೆಯಲಿಲ್ಲ. ಇದು ನಮ್ಮ ದೇಶದ ರೋಗ ಮಾತ್ರವೇ ಎಂದರೆ ಅದೂ ಅಲ್ಲ. ಫ್ಲೈಟ್ ಸೇಫ್ಟಿ ಫೌಂಡೇಶನ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಗತ್ತಿನಲ್ಲಿ ಹದ ತಪ್ಪಿ ಇಳಿಯಬರುವ ವಿಮಾನಗಳಲ್ಲಿ ನೂರಕ್ಕೆ ಸುಮಾರು 97 ಮರುಸುತ್ತು ಹಾಕದೆ ಇಳಿದೇಬಿಡುತ್ತವೆ. ಅವುಗಳಲ್ಲಿ ಬಹುತೇಕ ಎಲ್ಲವೂ ಸುಖವಾಗಿಯೇ ಇಳಿಯುತ್ತವೆ. ಆ ಸುಖವೇ ಮುಂದಿನ ಸಲಕ್ಕೆ ಧೈರ್ಯ ಕೊಡುತ್ತದೆ ಎಂಬುದೇ ಇಲ್ಲಿಯ ಕಷ್ಟ.

ಇಲ್ಲಿ ಎದುರುವಾದಿಗಳು ಎದ್ದು ನಿಲ್ಲುತ್ತಾರೆ. ‘ಟೆಲಿವಿಷನ್ ನೋಡಿ ಪೈಲಟ್ ವಿಮಾನ ಹಾರಿಸುತ್ತಾನೆಯೇ?’ ಇಲ್ಲ, ಖಂಡಿತ ಇಲ್ಲ. ಯಾವುದೋ ಕಾರ್ಯಕ್ರಮದಿಂದ ಬಜಪೆಯ ದುರಂತವಾಯಿತೆಂದು ಹೇಳುವಷ್ಟು ಅವಿವೇಕ ನನಗಿಲ್ಲ. ಆದರೆ ಪೈಲಟನೂ ಸಮಾಜದಲ್ಲಿ ಬದುಕುವ ಮನುಷ್ಯ. ಅವನ ಹಿಂದೆ ಕುಳಿತ ನೂರಾರು ಮಂದಿ ಮರುಸುತ್ತೆಂದರೆ ಅವಮಾನ, ಅಪಾಯ, ಅಸಾಮರ್ಥ್ಯ ಎಂದು ನಂಬಿದ್ದರೆ ಅದರ ಭಾರ ಅವನ ಹೆಗಲಿಗೆ ಬೀಳದೆ ಇರುತ್ತದೆಯೇ? ಎಷ್ಟೋ ವಿಮಾನ ಸಂಸ್ಥೆಗಳು ‘ಮರುಸುತ್ತು ಹಾಕಿದವರನ್ನು ದೂರುವಂತಿಲ್ಲ’ ಎಂಬ ನಿಯಮವನ್ನು ಬರೆದಿಟ್ಟುಕೊಂಡಿವೆ. ನಾಚಿಕೆಯೇ ಇಲ್ಲದ ಕಡೆ ಇಂಥ ನಿಯಮ ಬೇಕಾಗುತ್ತಿರಲಿಲ್ಲ. ಆ ನಾಚಿಕೆಯನ್ನು ಹೋಗಲಾಡಿಸಲು ಕಸುಬಿನವರು ಒಂದು ಕಡೆ ಹೆಣಗುತ್ತಿರುವಾಗ ಇನ್ನೊಂದು ಕಡೆ ಅದನ್ನೇ ಬಿತ್ತಿ ಬೆಳೆಸುವುದು ಯಾವ ಮನರಂಜನೆ?

‘ಮರುಸುತ್ತಿನಲ್ಲಿಯೂ ಅಪಾಯವಿದೆಯಲ್ಲ?’ ಎನ್ನುವವರೂ ಉಂಟು. ಇದೆ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೋದ ಎಮಿರೇಟ್ಸ್ ವಿಮಾನ ದುಬೈಯಲ್ಲಿ ಮರುಸುತ್ತಿಗೆ ಪ್ರಯತ್ನಿಸಿ ನೆಲಕ್ಕೆ ಬಿತ್ತು. ಒಳಗಿದ್ದ 300 ಮಂದಿಯೂ ಬದುಕಿದರು, ಬೆಂಕಿ ಆರಿಸಲು ಬಂದ ಒಬ್ಬ ಸಿಬ್ಬಂದಿ ಸತ್ತ. ಹಾಗಾದರೆ ಅದನ್ನು ಇನ್ನೂ ಹೆಚ್ಚು ಅಭ್ಯಾಸದ ಕೆಲಸವನ್ನಾಗಿ ಮಾಡಬೇಕೇ ಹೊರತು ಭೂತವನ್ನಾಗಿ ಮಾಡಬಾರದು.

‘ಕಸುಬಿನವರಿಗೆ ಹೊಗಳಿಕೆ ಬೇಕು, ಹುಳುಕು ತೋರಿಸಿದರೆ ಸಹಿಸರು’ ಎಂಬುದು ಇನ್ನೊಂದು ಆಕ್ಷೇಪ. ಹುಳುಕು ತೋರಿಸಲಿ, ಯಾರು ಬೇಡವೆಂದರು? 2023ರ ಆಗಸ್ಟ್ 28ರಂದು ಬ್ರಿಟನ್ನಿನ ವಿಮಾನ ಸಂಚಾರ ವ್ಯವಸ್ಥೆಯೇ ಕುಸಿಯಿತು. ಒಂದು ವಿಮಾನದ ಮಾರ್ಗಪಟ್ಟಿಯಲ್ಲಿ, ಪರಸ್ಪರ ಸಾವಿರಾರು ಮೈಲಿ ದೂರದ ಎರಡು ಸ್ಥಳಗಳಿಗೆ ಒಂದೇ ಸಂಕೇತವಿದ್ದುದು ಗಣಕಯಂತ್ರವನ್ನು ದಿಕ್ಕೆಡಿಸಿತ್ತು. ಏಳು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ತೊಂದರೆಗೊಳಗಾದರು. 2025ರ ಮಾರ್ಚ್ 21ರಂದು ಒಂದು ವಿದ್ಯುತ್ ಉಪಕೇಂದ್ರಕ್ಕೆ ಬೆಂಕಿ ಬಿದ್ದು ಹೀಥ್ರೂ ಬಹುಪಾಲು ದಿನವಿಡೀ ಮುಚ್ಚಿತು. ತೋರಿಸಬೇಕಾದ ಹುಳುಕು ಇವು. ಆದರೆ ನಿಲ್ದಾಣದೊಳಕ್ಕೆ ಕ್ಯಾಮೆರಾ ಹೋಗಬೇಕಾದರೆ ನಿಲ್ದಾಣದವರ ಅನುಮತಿ ಬೇಕು. ಒಡೆಯನನ್ನು ಕೆಣಕದೆ ಒಕ್ಕಲನ್ನು ಆಡಿಸುವುದು ಇದರ ಸ್ವಭಾವ. ವ್ಯವಸ್ಥೆಯ ಬಿರುಕಿಗಿಂತ ಕಟ್ಟೆಯ ಹಿಂದಿನ ಹುಡುಗಿಯ ಕಣ್ಣೀರು, ಪೈಲಟನ ‘ಕೊನೆಯ ಕ್ಷಣ’ ಸುಲಭವಾಗಿ ದೊರೆಯುವ ಸರಕು.

‘ಕಥೆಯೆಂದ ಮೇಲೆ ಕುತೂಹಲ ಬೇಡವೇ?’ ಸಾಹಿತ್ಯದ ಮೇಷ್ಟರಾಗಿ ಈ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಬೇಕು. ಆದರೆ ಭಯವಿಲ್ಲದ ಕಡೆ ಭಯವನ್ನು ತುರುಕುವುದು ಕುತೂಹಲವಲ್ಲ, ಅನೌಚಿತ್ಯ. 2022ರ ಫೆಬ್ರವರಿ 18ರಂದು ಯೂನಿಸ್ ಎಂಬ ಬಿರುಗಾಳಿ ಬೀಸಿದ ದಿನ, ಹೀಥ್ರೂವಿನ ಬಳಿ ಜೆರ್ರಿ ಡಯರ್ ಎಂಬಾತ ಕ್ಯಾಮೆರಾ ಹಿಡಿದು ನಿಂತು, ಗಾಳಿಯಲ್ಲಿ ತೂರಾಡಿ ಬರುವ ವಿಮಾನಗಳನ್ನು ಅಂತರ್ಜಾಲದಲ್ಲಿ ನೇರವಾಗಿ ತೋರಿಸಿದ. ಒಂದೇ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ನೋಡುತ್ತಿದ್ದರು. ವಿಮಾನ ಬರುವುದು, ಹದ ಸಾಲದೆ ಮೇಲೇರುವುದು, ಮತ್ತೆ ಬರುವುದು. ಕತ್ತರಿಯಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಇದ್ದದ್ದನ್ನು ಇದ್ದಂತೆ ತೋರಿಸಿದರೆ ನೋಡುವವರು ಸಿಕ್ಕುವುದಿಲ್ಲವೆಂಬ ವಾದ ಅಂದೇ ಬಿದ್ದುಹೋಯಿತು.

ಹಿಂದಿರುಗಿದವನನ್ನು ಕಂಡು ನಗುವುದು ನಮಗೂ ಹೊಸದಲ್ಲ. ಉತ್ತರಕುಮಾರನನ್ನು ನೋಡಿ ನಕ್ಕವರು ನಾವು. ಹಿಮ್ಮೆಟ್ಟದೆ ಸತ್ತವನಿಗೆ ಊರೂರಿನಲ್ಲಿ ವೀರಗಲ್ಲು ನೆಟ್ಟವರೂ ನಾವೇ. ರಣರಂಗಕ್ಕೆ ಆ ನೀತಿ ಒಪ್ಪಬಹುದು. ನೂರಾರು ಜೀವ ಹೊತ್ತು ಬರುವವನಿಗೆ ಒಪ್ಪುವುದಿಲ್ಲ. ಅವನು ಹಿಂದಿರುಗಿದ್ದರಿಂದ ಯಾರೂ ಸಾಯಲಿಲ್ಲ. ಯಾರೂ ಸಾಯದ್ದರಿಂದ ಅವನಿಗೆ ಕಲ್ಲೂ ಇಲ್ಲ, ಸುದ್ದಿಯೂ ಇಲ್ಲ.

ಸುದ್ದಿಯಿಲ್ಲ ಎಂದದ್ದು ಪೂರ್ತಿ ಸರಿಯಲ್ಲ. ನಮ್ಮ ಪತ್ರಿಕೆಗಳೂ ವಾಹಿನಿಗಳೂ ಅವನ ಸುದ್ದಿಯನ್ನು ಬರೆಯುತ್ತವೆ: ‘ಕೂದಲೆಳೆಯ ಅಂತರದಲ್ಲಿ ತಪ್ಪಿದ ದುರಂತ’. ಲಂಡನ್ನಿನ ನಿರೂಪಕನ ‘ಕೊನೆಯ ಕ್ಷಣ’ಕ್ಕೂ ನಮ್ಮ ಕೂದಲೆಳೆಗೂ ಏನೂ ಭೇದವಿಲ್ಲ. ಪರದೇಶದ ಟೆಲಿವಿಷನ್ನನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಉಪಸಂಪಾದಕರ ಲೇಖನಿ ನಮ್ಮ ಕೈಯಲ್ಲಿದೆ. ಮುಂದಿನ ಸಲ ಬೆಂಗಳೂರಿನಲ್ಲೋ ಬಜಪೆಯಲ್ಲೋ ಹೀಗಾದಾಗ ಆ ಹಳಸಿದ ಕೂದಲನ್ನು ಕಿತ್ತೆಸೆದು, ಒಂದೇ ಸಾಲಿನಲ್ಲಿ ಬರೆಯಲಿ: ‘ವಿಮಾನ ಮರುಸುತ್ತು ಹಾಕಿ ಇಳಿಯಿತು’. ಓದುವವರಿಗೆ ಅದು ಸಪ್ಪೆಯೆನಿಸಿದರೆ, ಬಜಪೆಯಲ್ಲಿ ಸತ್ತ 158 ಮಂದಿಯ ಮನೆಯವರನ್ನು ಕೇಳಿ ನೋಡಲಿ. ಆ ಸಪ್ಪೆಯ ಸಾಲೊಂದು ಅಂದಿನ ಪತ್ರಿಕೆಯಲ್ಲಿ ಬಂದಿದ್ದರೆ ಅವರಿಗೆ ಬೇರೇನೂ ಬೇಕಾಗಿರಲಿಲ್ಲ.