ಧೂಮಪಾನ ನಿಷೇಧ: ದಂಡ ಯಾರಿಗೆ, ಹೊಣೆ ಯಾರದು?

ಕಳೆದ ತಿಂಗಳು ಪಿಂಚಣಿಯ ಒಂದು ಕಾಗದಕ್ಕಾಗಿ ಕಮಲಾಪುರದಿಂದ ಕಲಬುರಗಿಯ ಕಚೇರಿಯೊಂದಕ್ಕೆ ಹೋಗಿದ್ದೆ. ಪಡಸಾಲೆಯ ಗೋಡೆಯಲ್ಲಿ ‘ಧೂಮಪಾನ ನಿಷೇಧಿತ ಪ್ರದೇಶ’ ಎಂಬ ಫಲಕವಿತ್ತು. ಅದರ ಕೆಳಗೆ ಬೀಡಿ ಹಚ್ಚಿದ ಹಳ್ಳಿಯ ಮುದುಕನೊಬ್ಬನನ್ನು ಜವಾನ ಗದರಿಸಿ ಹೊರಗೆ ಕಳುಹಿಸಿದ. ಗದರಿಸಿದ್ದು ಸರಿಯೇ. ಆದರೆ ಒಳಕೋಣೆಯಿಂದ ಸಿಗರೇಟಿನ ಹೊಗೆ ತೇಲಿ ಬರುತ್ತಿತ್ತು, ಅಲ್ಲಿ ಸಾಹೇಬರಿದ್ದರು. ಅದೇ ಜವಾನ ಫೈಲು ಹೊತ್ತು ಆ ಕೋಣೆಗೆ ಹೋಗುವುದನ್ನೂ ಕೆಮ್ಮುತ್ತ ಹೊರಬರುವುದನ್ನೂ ಎರಡು ತಾಸು ಕುಳಿತು ನೋಡಿದೆ.

ನನ್ನ ತಕರಾರು ಕಾನೂನಿನ ಮೇಲಲ್ಲ, ಅದನ್ನು ನಾವು ತಲೆಕೆಳಗು ಮಾಡಿಕೊಂಡಿರುವ ರೀತಿಯ ಮೇಲೆ. 2003ರ ತಂಬಾಕು ಉತ್ಪನ್ನಗಳ ಕಾಯ್ದೆಯ ಅಡಿಯಲ್ಲಿ 2008ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನವೇ, ಜಾರಿಗೆ ಬಂದ ನಿಯಮಗಳು ಕೆಲಸದ ಸ್ಥಳಗಳನ್ನೂ ಸಾರ್ವಜನಿಕ ಸ್ಥಳಗಳೆಂದು ಪರಿಗಣಿಸಿದವು. ಸೇದಿದವನಿಗೆ 200 ರೂಪಾಯಿಯವರೆಗೆ ದಂಡವೆಂಬುದು ಎಲ್ಲರಿಗೂ ಗೊತ್ತು. ಆ ನಿಯಮಗಳ ಹೆಚ್ಚಿನ ಭಾರ ಮಾಲೀಕ, ವ್ಯವಸ್ಥಾಪಕ, ಮೇಲ್ವಿಚಾರಕರ ಹೆಗಲ ಮೇಲಿದೆ ಎಂಬುದು ಎಷ್ಟು ಜನರಿಗೆ ಗೊತ್ತು? ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರುಗಳನ್ನು ಅವರು ಅಲ್ಲಿ ಒದಗಿಸುವಂತಿಲ್ಲ. ದೂರನ್ನು ಯಾರಿಗೆ ಕೊಡಬೇಕೆಂದು ಹೆಸರು ಬರೆದು ತೂಗುಹಾಕಬೇಕು. ದೂರು ಬಂದ ಮೇಲೂ ಸುಮ್ಮನಿದ್ದರೆ, ಅಲ್ಲಿ ನಡೆದ ಅಪರಾಧಗಳ ಸಂಖ್ಯೆಗೆ ತಕ್ಕಷ್ಟು ದಂಡವನ್ನು ಆ ವ್ಯಕ್ತಿಯೇ ತೆರಬೇಕು. ನಾನು ಕಂಡ ಫಲಕದಲ್ಲಿ ಯಾರ ಹೆಸರೂ ಇರಲಿಲ್ಲ. ಜವಾನ ಯಾರಿಗೆ ಹೇಳಬೇಕಿತ್ತು?

ಈ ವಿಷಯದಲ್ಲಿ ನಾನೂ ಶುದ್ಧಹಸ್ತನಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಪ್ರೌಢಶಾಲೆಯ ಶಿಕ್ಷಕರ ಕೋಣೆಯಲ್ಲಿ ಐದಾರು ಜನ ಸೇದುತ್ತಿದ್ದೆವು. ಪಾನ್ ಅಂಗಡಿಗೆ ಎಂಟನೆಯ ಇಯತ್ತೆಯ ಹುಡುಗರನ್ನೇ ಓಡಿಸುತ್ತಿದ್ದೆವು. (ಬಿ.ಎಡ್. ಪರೀಕ್ಷೆಯಲ್ಲಿ ಆರೋಗ್ಯ ಶಿಕ್ಷಣದ ಬಗ್ಗೆ ಪುಟಗಟ್ಟಲೆ ಬರೆದು ಬಂದವನು ನಾನು!) ಹಿಂದಿ ಕಲಿಸುವ ಅಕ್ಕೋರು ಮಾತ್ರ ಕುರ್ಚಿಯನ್ನು ಹೊರಗೆ ಹಾಕಿಕೊಂಡು, ಮಾರ್ಚಿನ ಬಿಸಿಲು ವರಾಂಡಕ್ಕೆ ನುಗ್ಗಿದರೂ ಅಲ್ಲಿಯೇ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದರು. ‘ಅಕ್ಕೋರಿಗಿ ಹೊರಗಿನ ಗಾಳಿನೇ ಬೇಕ್ರಿ’ ಎಂದು ನಾವು ನಗುತ್ತಿದ್ದೆವು. ಅವರು ಒಂದು ದಿನವೂ ದೂರಲಿಲ್ಲ. ದೂರುವುದಾದರೂ ಯಾರಲ್ಲಿ? ಮುಖ್ಯೋಪಾಧ್ಯಾಯರ ಮೇಜಿನ ಮೇಲಿನ ಆಶ್‌ಟ್ರೇ ನಮ್ಮದಕ್ಕಿಂತ ದೊಡ್ಡದಿತ್ತು. ನಾನು ಸಿಗರೇಟು ಬಿಟ್ಟದ್ದು ಎಷ್ಟೋ ವರ್ಷಗಳ ಮೇಲೆ, ವೈದ್ಯರು ಹೆದರಿಸಿದ್ದರಿಂದ. ಅಕ್ಕೋರ ಸಲುವಾಗಿ ಅಲ್ಲ.

ಮಾಲೀಕರು ಹೇಳುವ ಮಾತೊಂದಿದೆ. ನಮ್ಮ ಭಾಗದ ತೊಗರಿ ದಾಲ್ ಮಿಲ್ಲೊಂದರ ಒಡೆಯ, ನನ್ನ ಹಳೆಯ ವಿದ್ಯಾರ್ಥಿ, ಕೈಮುಗಿದು ಹೇಳಿದ: ‘ಸರ್, ಬೀಡಿ ಸೇದಬ್ಯಾಡ ಅಂದ್ರ ನಾಳಿಗಿ ಹಮಾಲರು ಬರಂಗಿಲ್ರಿ, ಬಾಜೂ ಮಿಲ್ಲಿಗಿ ಹೋಗ್ತಾರ.’ ಹಾಗಾದರೆ ಗೋಣಿಚೀಲಗಳ ಗೋದಾಮಿನಲ್ಲಿ ಸೇದಲು ಬಿಡುತ್ತೀಯಾ ಎಂದು ಕೇಳಿದೆ. ‘ಛೇ, ಬೆಂಕಿ ಹತ್ತಿದ್ರ?’ ಎಂದ. ಗೋದಾಮಿನಲ್ಲಿ ಅವನ ಅಪ್ಪನ ಕಾಲದಿಂದಲೂ ಬೀಡಿ ನಿಷಿದ್ಧ. ಅದಕ್ಕಾಗಿ ಯಾವ ಹಮಾಲನೂ ಬಿಟ್ಟು ಹೋಗಿಲ್ಲ. ಲೆಕ್ಕ ಬರೆಯುವ ಮುನೀಮ ಕೂರುವ ಕೋಣೆಯಲ್ಲಿ ಮಾತ್ರ ದಲಾಲರೂ ಒಡೆಯನೂ ಹೊಗೆ ಬಿಡುತ್ತಾರೆ. ಅಂದರೆ ತೊಗರಿ ಚೀಲಕ್ಕಿರುವ ರಕ್ಷಣೆ ಮುನೀಮನ ಎದೆಗೂಡಿಗಿಲ್ಲ!

2004ರ ಮಾರ್ಚಿನಲ್ಲಿ ಐರ್ಲೆಂಡ್ ದೇಶವು ಮದ್ಯದಂಗಡಿಗಳೂ ಸೇರಿದಂತೆ ಎಲ್ಲ ಕೆಲಸದ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದ್ದು, ಅಲ್ಲಿ ದುಡಿಯುವವರ ಹೆಸರಿನಲ್ಲಿ. ನಮ್ಮಲ್ಲಿ 30 ಕೋಣೆಗಳ ವಸತಿಗೃಹಕ್ಕೂ 30 ಜನ ಕೂರುವ ಉಪಾಹಾರಗೃಹಕ್ಕೂ ಪ್ರತ್ಯೇಕ ಧೂಮಪಾನ ಕೋಣೆಯ ವಿನಾಯಿತಿ ಉಳಿಯಿತು. ಆ ಕೋಣೆಯಲ್ಲಿ ಏನನ್ನೂ ಬಡಿಸಬಾರದೆಂದು 2017ರಲ್ಲಿ ತಿದ್ದುಪಡಿ ಬಂತು. ಒಳ್ಳೆಯದೇ. ಆದರೆ ರಾತ್ರಿ ಅದನ್ನು ಗುಡಿಸುವವರು ಯಾರು?

ಇಲ್ಲಿ ಏನೂ ಆಗದು ಎನ್ನುವವರಿಗೆ ನಮ್ಮ ಬಸ್ಸುಗಳನ್ನು ತೋರಿಸುತ್ತೇನೆ. ಹುಮನಾಬಾದ್ ಮಾರ್ಗದ ಕೆಂಪು ಬಸ್ಸಿನಲ್ಲಿ ಹಿಂದೆ ಬೀಡಿಯ ಹೊಗೆಯಲ್ಲಿ ಮುಖ ಕಾಣುತ್ತಿರಲಿಲ್ಲ. ಇಂದು ಯಾರಾದರೂ ಹಚ್ಚಿದರೆ ಪ್ರಯಾಣಿಕರಿಗಿಂತ ಮೊದಲು ಕಂಡಕ್ಟರನೇ ‘ಏ, ಇಳಿ’ ಎನ್ನುತ್ತಾನೆ. ನಮಗದು ಪ್ರಯಾಣ, ಅವನಿಗೆ ದಿನವಿಡೀ ದುಡಿಯುವ ಜಾಗ. ಸೀಟಿಯೂ ಅವನ ಕೈಯಲ್ಲೇ ಇದೆ. ಕಚೇರಿಯ ಜವಾನನ ಕೈಯಲ್ಲಿ ಅಂಥದೇನೂ ಇಲ್ಲ.

2025ರಲ್ಲಿ ಕರ್ನಾಟಕದ ತಿದ್ದುಪಡಿ ಜಾರಿಯಾಗಿ ಸೇದುವವನ ದಂಡ 1000 ರೂಪಾಯಿಗೆ ಏರಿದೆ. ಏರಲಿ. ಸಾಹೇಬರಿಗೆ ಅದು ಜೇಬಿನ ಚಿಲ್ಲರೆ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಬೀಳುವ ಕೂಲಿಕಾರನಿಗೆ ಒಂದು ದಿನದ ದುಡಿಮೆಯೂ ಸಾಲದು. ಯಾವ ಕಚೇರಿಯ ಮುಖ್ಯಸ್ಥರಿಂದಾದರೂ, ಯಾವ ಮಿಲ್ಲಿನ ಮಾಲೀಕರಿಂದಾದರೂ ಕರ್ತವ್ಯಲೋಪಕ್ಕೆ ದಂಡ ಕಟ್ಟಿಸಿಕೊಂಡಿದ್ದನ್ನು ನಾನಂತೂ ಈವರೆಗೆ ಕಂಡಿಲ್ಲ. ಕಂಡವರು ದಯವಿಟ್ಟು ತಿಳಿಸಿ.

ಆ ದಿನ ಹೊರಡುವ ಮೊದಲು ಒಂದು ಹಾಳೆಯಲ್ಲಿ ‘ಫಲಕದಲ್ಲಿ ದೂರು ಸ್ವೀಕರಿಸುವವರ ಹೆಸರನ್ನು ಬರೆಸಬೇಕಾಗಿ ವಿನಂತಿ’ ಎಂದು ಬರೆದು ಟಪಾಲು ಗುಮಾಸ್ತರಿಗೆ ಕೊಟ್ಟೆ. ಅವರು ಓದಿ, ಒಳಕೋಣೆಯತ್ತ ಒಮ್ಮೆ ನೋಡಿ, ಠಸ್ಸೆ ಹೊಡೆದು ಪ್ರತಿಯನ್ನು ಕೈಗಿತ್ತರು. ಪಿಂಚಣಿಯ ಕಾಗದ ಇನ್ನೂ ಸಿದ್ಧವಾಗಿಲ್ಲ. ಬರುವ ಸೋಮವಾರ ಮತ್ತೆ ಹೋಗಬೇಕಾಗಿದೆ.